ಗೋಡೆಯ ಚೌಕ, ಫೋನಿನ ಪತ್ರಿಕೆ

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಿಂದ ಮಂಡಿಪೇಟೆಯ ದಿನಸಿ ಅಂಗಡಿಯವರೆಗೆ, ತುಮಕೂರಿನಲ್ಲಿ ಕಪ್ಪು-ಬಿಳುಪಿನ ಆ ಚೌಕವಿಲ್ಲದ ಗಲ್ಲಾಪೆಟ್ಟಿಗೆಯನ್ನು ಹುಡುಕಿ ತೆಗೆಯಬೇಕು. ಸೊಪ್ಪು ಮಾರುವವರೂ "ಸ್ಕ್ಯಾನರ್ ಇಲ್ಲೈತೆ ನೋಡಿ" ಎಂದು ತಕ್ಕಡಿಯ ಪಕ್ಕ ಒರಗಿಸಿಟ್ಟ ರಟ್ಟನ್ನು ತೋರಿಸುತ್ತಾರೆ. ಹಣ ಬಿದ್ದ ಕೂಡಲೇ ಪಕ್ಕದ ಪುಟ್ಟ ಸ್ಪೀಕರ್ ಕನ್ನಡದಲ್ಲೇ ಕೂಗಿ ಹೇಳುತ್ತದೆ. 2016ರಲ್ಲಿ ಯುಪಿಐ ಬಂದಾಗ ಇದು ಬೆಂಗಳೂರಿನ ಮಾಲ್‌ಗಳ ಸೋಜಿಗ ಎಂದುಕೊಂಡವರೇ ಹೆಚ್ಚು. ಹತ್ತು ವರ್ಷ ತುಂಬುವುದರೊಳಗೆ ಗುಬ್ಬಿಯ ಸಂತೆ, ಕುಣಿಗಲ್ ಬಸ್‌ಸ್ಟ್ಯಾಂಡಿನ ಎಳನೀರು ಗಾಡಿ ಎಲ್ಲವೂ ಅದರ ತೆಕ್ಕೆಗೆ ಬಂದವು.

ಇಷ್ಟು ಕೈವಶವಾದ ಚೌಕವನ್ನು ದುಡ್ಡಿಗಷ್ಟೇ ಏಕೆ, ಓದುಗರನ್ನು ಕರೆತರುವುದಕ್ಕೂ ಬಳಸಬಾರದೇಕೆ ಎಂಬ ಯೋಚನೆ ಸಣ್ಣ ಪತ್ರಿಕೆ ಕಟ್ಟುವವರ ತಲೆಗೆ ಬಾರದೆ ಇರದು. ಊರಿನ ಸುದ್ದಿ, ಕೆರೆ-ಕಾಲುವೆಯ ವಿಚಾರ, ಅಡಿಕೆ-ಕೊಬ್ಬರಿ ಧಾರಣೆ, ಒಂದು ಕಥೆ, ಎರಡು ಕವಿತೆ ಸೇರಿಸಿ ವಾರಕ್ಕೊಮ್ಮೆ ಫೋನಿಗೋ ಇಮೇಲಿಗೋ ಕಳಿಸುವ ಇ-ಪತ್ರಿಕೆ ಶುರುಮಾಡುವುದು ಈಗ ಸುಲಭ. ಅಚ್ಚಿನ ಕೂಲಿಯಿಲ್ಲ, ಕಾಗದದ ಸಾಲವಿಲ್ಲ, ಅಂಚೆ ಕಚೇರಿಯ ಮುಂದೆ ಕಟ್ಟು ಹೊತ್ತು ನಿಲ್ಲುವುದಿಲ್ಲ. ಇಲ್ಲದಿರುವುದು ಓದುಗರು. ಅವರನ್ನು ತರಲು ಕ್ಯೂಆರ್ ಕೋಡ್ ಅಚ್ಚುಹಾಕಿಸಿ ಅಂಗಡಿ, ಕಾಲೇಜು, ಬಸ್‌ಸ್ಟ್ಯಾಂಡುಗಳಲ್ಲಿ ಅಂಟಿಸೋಣ ಎನ್ನುವವರು ಒಂದು ಕಡೆ. ಅದು ದಂಡದ ಕೆಲಸ, ಪತ್ರಿಕೆ ಬೆಳೆಯುವುದು ಬಾಯಿಂದ ಬಾಯಿಗೆ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಎರಡರ ತೂಕ ಎಲ್ಲ ಊರಿನಲ್ಲೂ, ಎಲ್ಲ ಗೋಡೆಯ ಮೇಲೂ ಒಂದೇ ಅಲ್ಲ.

ಪರವಾದ ವಾದದಲ್ಲಿ ನನಗೆ ಬಹಳ ಗಟ್ಟಿಯೆನಿಸುವುದು ಟೈಪಿಂಗ್‌ನ ವಿಚಾರ. ಕನ್ನಡ ಸಲೀಸಾಗಿ ಓದುವ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಜಾಲತಾಣದ ವಿಳಾಸ ಹೊಡೆಯಲು ತಡವರಿಸುವ ಓದುಗರು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಹ್ಯಾಂಡ್‌ಬಿಲ್ಲಿನ ಕೊನೆಯಲ್ಲಿ ಉದ್ದದ ಇಂಗ್ಲಿಷ್ ವಿಳಾಸ ಕೊಟ್ಟರೆ ಅವರು ಅಲ್ಲಿಗೇ ನಿಲ್ಲುತ್ತಾರೆ. ಒಂದು ಚುಕ್ಕೆ ತಪ್ಪಿದರೂ ಬೇರೆಲ್ಲಿಗೋ ಹೋಗುತ್ತಾರೆ. ವಿಳಾಸವನ್ನೇ ಕನ್ನಡದಲ್ಲಿ ಕೊಡೋಣವೆಂದರೆ ಕಂಪ್ಯೂಟರ್ ಒಳಗಿನ ಕಥೆ ಬೇರೆ. ಜಾಲವಿಳಾಸದ ಬಾಲದಲ್ಲಿ ಕನ್ನಡ ಬಂದಾಗ ಪ್ರತಿಯೊಂದು ಅಕ್ಷರಘಟಕವೂ ಶೇಕಡಾ ಚಿಹ್ನೆಗಳೊಡನೆ ಒಂಬತ್ತು ಸಂಕೇತಗಳಾಗಿ ಹಿಗ್ಗುತ್ತದೆ. ‘ನಮ್ಮೂರು’ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ. ಒತ್ತು, ಗುಣಿತಗಳನ್ನು ಬಿಡಿಸಿದರೆ ಯಂತ್ರಕ್ಕೆ ಏಳು ಘಟಕ, ಒಂಬತ್ತರಿಂದ ಗುಣಿಸಿದರೆ 63 ಸಂಕೇತ. ಅದನ್ನು ಬೆರಳಿನಿಂದ ಹೊಡೆಯಲು ಯಾರಿಗೂ ಆಗದು. ಕ್ಯೂಆರ್ ಕೋಡ್ ಈ ಇಡೀ ತೊಡಕನ್ನು ಕ್ಯಾಮೆರಾದ ಪಾಲಿಗೆ ಬಿಟ್ಟುಬಿಡುತ್ತದೆ. ಇಂಗ್ಲಿಷ್ ಬಲ್ಲವರಿಗೆ ಅದು ಅರ್ಧ ನಿಮಿಷದ ಉಳಿತಾಯ, ಬಾರದವರಿಗೆ ಒಳಗೆ ಬರಲು ಇರುವ ಒಂದೇ ದಾರಿ.

ಆದರೆ ಅಷ್ಟುದ್ದದ ವಿಳಾಸವನ್ನು ಹಾಗೇ ಕೋಡಿಗೆ ತುಂಬಿದರೆ ಚೌಕದೊಳಗಿನ ಚುಕ್ಕೆಗಳು ರಾಗಿಯಂತೆ ಸಣ್ಣಗಾಗಿ, ಅಗ್ಗದ ಫೋನಿನ ಕ್ಯಾಮೆರಾ ಓದಲು ತಿಣುಕುತ್ತದೆ. ಈ ಸಂಕೇತದ ಅತಿ ಚಿಕ್ಕ ರೂಪದಲ್ಲಿ ಉದ್ದಕ್ಕೆ 21, ಅಗಲಕ್ಕೆ 21 ಮನೆಗಳು. ಅತಿ ದೊಡ್ಡದರಲ್ಲಿ 177ಕ್ಕೆ 177. ವಿಳಾಸ ಗಿಡ್ಡವಾದಷ್ಟೂ ಮನೆಗಳು ದಪ್ಪ, ಓದು ಸಲೀಸು. ಹಾಗಾಗಿ ಗಿಡ್ಡ ವಿಳಾಸ ಮಾಡಿಕೊಂಡೇ ಕೋಡ್ ತಯಾರಿಸಬೇಕು. ಈ ಗಿಡ್ಡ ಮಾಡುವ ಕೆಲಸದಲ್ಲಿ ಒಂದು ಅಪಾಯವೂ ಇದೆ, ಆ ಮಾತು ಮುಂದೆ ಬರುತ್ತದೆ.

ಎರಡನೆಯ ಅನುಕೂಲ ಖರ್ಚಿನದು. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ಮಸಾಹಿರೊ ಹರಾ ಮತ್ತವರ ಜೊತೆಗಾರರು ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕವಿಡಲು. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಚಲಾಯಿಸಲಿಲ್ಲ, ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟಿತು. ಆ ಔದಾರ್ಯವಿಲ್ಲದಿದ್ದರೆ ಈ ಚೌಕ ಹೂವಾಡಗಿತ್ತಿಯ ಬುಟ್ಟಿಯವರೆಗೆ ಬರುವುದು ಸುಲಭವಿತ್ತೇ? ಕಾರ್ಖಾನೆಯ ಎಣ್ಣೆ-ಮಸಿಯ ನಡುವೆ ಬದುಕಬೇಕಾಗಿದ್ದ ಸಂಕೇತವಾದ್ದರಿಂದ ಅದರ ಕಟ್ಟೋಣದಲ್ಲೇ ತಿದ್ದುಪಡಿಯ ಶಕ್ತಿಯಿದೆ. ಅದಕ್ಕೆ ನಾಲ್ಕು ಹಂತಗಳು. ಕಡಿಮೆಯದರಲ್ಲಿ ಸುಮಾರು ಶೇ 7ರಷ್ಟು, ಹೆಚ್ಚಿನದರಲ್ಲಿ ಸುಮಾರು ಶೇ 30ರಷ್ಟು ಹಾಳಾದರೂ ಓದಬಹುದು. ಮಳೆಗೆ ಮೂಲೆ ಕಿತ್ತುಬಂದ ಚೀಟಿಯೂ ಕೆಲಸ ಮಾಡುವುದು ಇದರಿಂದ. ಕೋಡ್ ತಯಾರಿಸಲು ಕಾಸಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಹತ್ತಾರು ಚೀಟಿ ಹಿಡಿಸಿ ಕತ್ತರಿಸಿಕೊಳ್ಳಬಹುದು. ಫೇಸ್‌ಬುಕ್ಕಿಗೆ ದುಡ್ಡು ಸುರಿದು ಜಾಹೀರಾತು ಹಾಕಿದರೆ ಅದು ಯಾರ ಕಣ್ಣಿಗೆ ಬಿತ್ತೋ ಸಂಪಾದಕನಿಗೆ ತಿಳಿಯದು. ಗುಬ್ಬಿ ಸ್ಟೇಷನ್ ಎದುರಿನ ಟೀ ಅಂಗಡಿಯ ಚೀಟಿ ಗುಬ್ಬಿಯವರ ಕಣ್ಣಿಗೇ ಬೀಳುತ್ತದೆ.

ಗುಬ್ಬಿಯ ಹೆಸರು ಬಂದಮೇಲೆ ಪ್ರಚಾರದ ಹಳೆಯ ವಿದ್ಯೆಯನ್ನು ನೆನೆಯದೆ ಮುಂದೆ ಹೋಗಲಾಗದು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಮುಂದೆ ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಪರಿಚಯಿಸಿದರು. ವೃತ್ತಿ ಕಂಪನಿಗಳ ಆ ಕಾಲದಲ್ಲಿ ಊರಿಗೆ ನಾಟಕ ಬಂತೆಂದರೆ ಗಾಡಿ ಕಟ್ಟಿ, ವಾದ್ಯ ಬಾರಿಸಿ ಹ್ಯಾಂಡ್‌ಬಿಲ್ ಹಂಚುವುದು ವಾಡಿಕೆ. ಆ ಹಾಳೆಯಲ್ಲಿ ನಾಟಕದ ಹೆಸರು, ಪಾತ್ರಧಾರಿಗಳು, ಟಿಕೆಟ್ಟಿನ ದರ್ಜೆ, ಶುರುವಾಗುವ ಹೊತ್ತು, ಎಲ್ಲವೂ ಇರುತ್ತಿತ್ತು. ಓದು ಬಾರದವನು ಪಕ್ಕದವನಿಂದ ಓದಿಸಿಕೊಳ್ಳುತ್ತಿದ್ದ. ಜೊತೆಗೆ ರಂಗದ ಮೇಲೆ ಆನೆ-ಕುದುರೆ ತರಿಸಿದ ‘ಕುರುಕ್ಷೇತ್ರ’ದಂಥ ಪ್ರಯೋಗದ ಸುದ್ದಿ ಊರಿಂದೂರಿಗೆ ತಾನೇ ನಡೆದುಹೋಗುತ್ತಿತ್ತು. ಕ್ಯೂಆರ್ ಚೀಟಿ ಹಂಚುವವರು ಈ ಪರಂಪರೆಯ ಮುಂದುವರಿಕೆ ಎಂದುಕೊಳ್ಳುವುದುಂಟು. ಅರ್ಧ ನಿಜ. ಹ್ಯಾಂಡ್‌ಬಿಲ್ ತಾನೇ ಸುದ್ದಿ ಹೇಳುತ್ತಿತ್ತು. ಚೌಕ ಏನನ್ನೂ ಹೇಳುವುದಿಲ್ಲ, ಒಳಗೆ ಬಾ ಎಂದಷ್ಟೇ ಕರೆಯುತ್ತದೆ. ಒಳಗೆ ಏನಿದೆ, ಮನೆ ಯಾರದು ಎಂಬುದು ಹೊಸ್ತಿಲು ದಾಟುವವರೆಗೂ ಗೊತ್ತಾಗದು.

ವಿರೋಧದ ವಾದ ಹುಟ್ಟುವುದು ಇಲ್ಲಿ. ಮನುಷ್ಯನ ಕಣ್ಣಿಗೆ ಎಲ್ಲ ಕ್ಯೂಆರ್ ಕೋಡೂ ಒಂದೇ. ಕವಿತೆಯದೂ ಒಂದೇ, ಕಳ್ಳನದೂ ಒಂದೇ. ಅಂಗಡಿಯವರ ಕೋಡಿನ ಮೇಲೆ ತಮ್ಮ ಕೋಡ್ ಅಂಟಿಸಿ ಹಣ ಹೊಡೆದ ಪ್ರಕರಣಗಳು ನಮ್ಮ ದೇಶದಲ್ಲೂ ಆಗಿವೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2022ರ ಆರಂಭದಲ್ಲಿ ಪಾರ್ಕಿಂಗ್ ಮೀಟರುಗಳ ಮೇಲೆ ನಕಲಿ ಕೋಡ್ ಅಂಟಿಸಿದ್ದು ಸುದ್ದಿಯಾಗಿತ್ತು. ‘ನಿಮಗೆ ಹಣ ಬರಬೇಕಾದರೆ ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದು ಮೋಸ ಮಾಡುವುದು ಈಗ ಹಳೆಯ ಆಟ. ಹಣ ಪಡೆಯಲು ಪಿನ್ ಬೇಕಿಲ್ಲ ಎಂದು ಬ್ಯಾಂಕುಗಳು ಹೇಳುತ್ತಲೇ ಇವೆ, ಮೋಸಹೋದವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಲೇ ಇದ್ದಾರೆ. ಹೀಗಿರುವಾಗ ಗುರುತಿಲ್ಲದ ಚೀಟಿಯನ್ನು ಕಂಡ ಕಂಡಲ್ಲಿ ಸ್ಕ್ಯಾನ್ ಮಾಡಬೇಡಿ ಎಂದು ಮನೆಯಲ್ಲಿ ಮಕ್ಕಳು ಅಪ್ಪ-ಅಮ್ಮನಿಗೆ ಬುದ್ಧಿ ಹೇಳುವುದು ಸರಿಯಾಗಿಯೇ ಇದೆ. ಅದೇ ಮಕ್ಕಳು ಇ-ಪತ್ರಿಕೆ ಮಾಡಿ ಊರೆಲ್ಲ ಗುರುತಿಲ್ಲದ ಚೀಟಿ ಅಂಟಿಸಿದರೆ ತಾವು ಹೇಳಿದ ಬುದ್ಧಿಗೆ ತಾವೇ ಎದುರು ನಿಂತಂತೆ.

ದುಡ್ಡಿನ ವಿಚಾರದಲ್ಲೇ ಈ ಚೌಕದ ಮೇಲಿನ ನಂಬಿಕೆ ಎಷ್ಟು ಬೇಗ ಅಲುಗಾಡುತ್ತದೆ ಎಂಬುದನ್ನು 2025ರ ಜುಲೈನಲ್ಲಿ ನೋಡಿದೆವು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದೇ ತಡ, ಬೆಂಗಳೂರಿನ ಬೇಕರಿ-ಕಾಂಡಿಮೆಂಟ್ಸ್‌ಗಳ ಮುಂದೆ ಕೋಡ್ ಇದ್ದ ಜಾಗದಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಸರ್ಕಾರ ಹಳೆಯ ಬಾಕಿ ಕೇಳುವುದಿಲ್ಲ ಎಂದು ಸಮಾಧಾನ ಹೇಳಬೇಕಾಯಿತು. ವರ್ಷಗಟ್ಟಲೆ ಬಳಸಿ ಪಳಗಿದ ಸಾಧನವೂ, ಹಿಂದೆ ಯಾರೋ ಲೆಕ್ಕ ಇಡುತ್ತಿದ್ದಾರೆ ಎಂಬ ಅರಿವಾದ ಕೂಡಲೇ ಪರಕೀಯವಾಯಿತು. ಪತ್ರಿಕೆಯ ಚೌಕದ ಹಿಂದೆಯೂ ಲೆಕ್ಕವಿರುತ್ತದೆ. ಯಾವಾಗ, ಯಾವ ಫೋನಿನಿಂದ, ಸುಮಾರಾಗಿ ಯಾವ ಊರಿನಿಂದ ಸ್ಕ್ಯಾನ್ ಆಯಿತೆಂದು ಹೇಳುವ ಕೋಡುಗಳೇ ಈಗ ಹೆಚ್ಚು ಮಾರಾಟವಾಗುವುದು.

ಗೋಡೆಗೆ ಕ್ಯೂಆರ್ ಅಂಟಿಸಿ ಜನರನ್ನು ಜಾಲತಾಣಕ್ಕೆ ಎಳೆದ, ಕರ್ನಾಟಕ ಮರೆಯಲಾರದ ಉದಾಹರಣೆ ಒಂದಿದೆ, ಅದು ರಾಜಕೀಯದ್ದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್ ಕಾಣಿಸಿಕೊಂಡಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖವನ್ನೇ ಹಣಪಾವತಿಯ ಕೋಡಿನ ನಡುವೆ ಕೂರಿಸಿದ್ದ ಕಾಂಗ್ರೆಸ್ಸಿನ ಪೋಸ್ಟರದು. ಸ್ಕ್ಯಾನ್ ಮಾಡಿದರೆ ಶೇ 40 ಕಮಿಷನ್ ಆರೋಪದ ಜಾಲತಾಣ ತೆರೆಯುತ್ತಿತ್ತು. ಆ ಪ್ರಚಾರದ ಸರಿ-ತಪ್ಪು ಇಲ್ಲಿ ಬೇಡ. ಕಸುಬಿನ ದೃಷ್ಟಿಯಿಂದ ನೋಡಿದರೆ, ಜನರನ್ನು ನಿಲ್ಲಿಸಿದ್ದು ಚೌಕವಲ್ಲ, ಚೇಷ್ಟೆ. ಮುಖ, ಹೆಸರು, ಕುಹಕ ಮೂರೂ ಪೋಸ್ಟರಿನ ಮೇಲೇ ಇದ್ದವು. ಸ್ಕ್ಯಾನ್ ಮಾಡದವನಿಗೂ ಅರ್ಧ ವಿಷಯ ಮುಟ್ಟಿತ್ತು, ಮಿಕ್ಕರ್ಧಕ್ಕೆ ಕುತೂಹಲ ಎಳೆಯಿತು. ಅಂಟಿಸಿದವರ ಮೇಲೆ ಪೊಲೀಸರು ಕೇಸು ಹಾಕಿದ್ದರಿಂದ ಸುದ್ದಿ ಇನ್ನಷ್ಟು ಹಬ್ಬಿತು. ಸಾಹಿತ್ಯದ ವಾರಪತ್ರಿಕೆಗೆ ಆ ಭಾಗ್ಯವಿಲ್ಲ. ಸಾರ್ವಜನಿಕ ಗೋಡೆ ಕೆಡಿಸುವುದರ ವಿರುದ್ಧದ 1981ರ ಕಾಯ್ದೆ ಮಾತ್ರ ಅದಕ್ಕೂ ಅನ್ವಯಿಸುತ್ತದೆ. ತುಮಕೂರಿನ ಅಶೋಕ ರಸ್ತೆಯ ಕಾಂಪೌಂಡಿಗೆ ರಾತ್ರೋರಾತ್ರಿ ಚೀಟಿ ಮೆತ್ತುವ ಉತ್ಸಾಹಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನೊಂದು ಕಷ್ಟ ಈ ಜಿಲ್ಲೆಗೇ ಸೇರಿದ್ದು. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ ಗುಬ್ಬಿ ಮತ್ತು ಕುಣಿಗಲ್ ಎದುರುಬದುರು ನಿಂತಿವೆ. ತಮ್ಮ ಪಾಲಿನ ನೀರು ಹೋಗುತ್ತದೆಂದು 2025ರ ಮೇ ಕೊನೆಯಲ್ಲಿ ಗುಬ್ಬಿ ಸೀಮೆಯ ರೈತರು ಬೀದಿಗಿಳಿದರು. ಹಂಚಿಕೆಯಾದ ನೀರೇ ತಮಗೆ ಸರಿಯಾಗಿ ಬರುತ್ತಿಲ್ಲ ಎಂಬುದು ಕುಣಿಗಲ್ ಕಡೆಯವರ ಅಳಲು. ಈಗ ‘ಕೆನಾಲ್ ಬಗ್ಗೆ ನಿಜ ತಿಳಿಯಲು ಸ್ಕ್ಯಾನ್ ಮಾಡಿ’ ಎಂಬ ಚೀಟಿಯನ್ನು ಗುಬ್ಬಿ ಕಡೆಯ ನಿಟ್ಟೂರಿನ ಟೀ ಅಂಗಡಿಯಲ್ಲೂ, ಕುಣಿಗಲ್ ಕಡೆಯ ಅಮೃತೂರಿನ ಟೀ ಅಂಗಡಿಯಲ್ಲೂ ಅಂಟಿಸಿದರೆಂದು ಊಹಿಸಿ. ಎರಡೂ ಕಡೆ ಮೊದಲು ಬರುವ ಪ್ರಶ್ನೆ ಒಂದೇ: "ಇದು ಯಾರದು?" ಅಚ್ಚಿನ ಪತ್ರಿಕೆಯಾದರೆ ಹೆಸರು, ಸಂಪಾದಕ, ಮುದ್ರಕ, ಊರು ಎಲ್ಲವೂ ಹಾಳೆಯ ಮೇಲೇ ಇರಬೇಕು, 1867ರ ಹಳೆಯ ಕಾಯ್ದೆಯ ಕಾಲದಿಂದ ಬಂದ ನಿಯಮವದು. ಆ ಒಂದು ಸಾಲು ಎಷ್ಟು ಸಂಶಯ ಕಳೆಯುತ್ತದೆಂಬುದು ಅದಿಲ್ಲದ ಚೀಟಿ ನೋಡಿದಾಗ ತಿಳಿಯುತ್ತದೆ. ಕೋಡಿನ ಕೆಳಗೆ ಸಂಪಾದಕರ ಹೆಸರು, ಊರು, ಒಂದು ಫೋನ್ ನಂಬರು, ತೆರೆದುಕೊಳ್ಳುವ ಜಾಲತಾಣದ ವಿಳಾಸ, ಇವಿಷ್ಟನ್ನು ಓದುವಷ್ಟು ದಪ್ಪಕ್ಷರದಲ್ಲಿ ಅಚ್ಚುಹಾಕಿದರೆ ಅರ್ಧ ವಿರೋಧ ಅಲ್ಲಿಗೇ ಕರಗುತ್ತದೆ. ಆದರೆ ನಮ್ಮ ಹುಡುಗರು ವಿನ್ಯಾಸದ ಅಂದಕ್ಕೆ ಮರುಳಾಗಿ ಚೌಕವನ್ನಷ್ಟೇ ಬಿಟ್ಟು ಮಿಕ್ಕದ್ದನ್ನೆಲ್ಲ ಅಳಿಸುತ್ತಾರೆ.

ಸ್ಕ್ಯಾನ್ ಆಯಿತೆಂದೇ ಇಟ್ಟುಕೊಳ್ಳೋಣ, ಮುಂದೇನು? ಬಹಳಷ್ಟು ಯೋಜನೆಗಳು ಸೋರಿಹೋಗುವುದು ಇಲ್ಲಿ. ನ್ಯೂಸ್‌ಲೆಟರ್ ಎಂಬ ಬಗೆ ಇಮೇಲಿನ ಮೇಲೆ ನಿಂತದ್ದು. ನಮ್ಮ ಊರುಗಳಲ್ಲಿ ಇಮೇಲ್ ಎಂದರೆ ಕೆಲಸಕ್ಕೆ ಅರ್ಜಿ ಹಾಕಲು, ಬ್ಯಾಂಕಿನ ಸ್ಟೇಟ್‌ಮೆಂಟ್ ಬರಲು ಇರುವ ಡಬ್ಬಿ. ಪಾಸ್‌ವರ್ಡ್ ಮಗನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಓದು, ಹರಟೆ, ಜಗಳ ಎಲ್ಲ ನಡೆಯುವುದು ವಾಟ್ಸ್‌ಆ್ಯಪಿನಲ್ಲಿ. ಆದ್ದರಿಂದ ಕೋಡ್ ಇಮೇಲ್ ಕೇಳುವ ಅರ್ಜಿಗೆ ಹೋದರೆ ಹಲವರು ಅಲ್ಲಿಂದಲೇ ವಾಪಸ್. ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಸೇರುವುದು ಸುಲಭ, ಆದರೆ ಸೇರಿದವರ ನಂಬರು ಗುಂಪಿನ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಹಿಂಜರಿಯುವುದು ಇದಕ್ಕೇ, ಹಿಂಜರಿಕೆಯೂ ನ್ಯಾಯವಾದದ್ದೇ. 2023ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಬಂದ ವಾಟ್ಸ್‌ಆ್ಯಪ್ ಚಾನೆಲ್‌ನಲ್ಲಿ ಅನುಸರಿಸುವವರ ನಂಬರು ಬೇರೆ ಅನುಸರಿಸುವವರಿಗೆ ಕಾಣುವುದಿಲ್ಲ. ಸಣ್ಣ ಪತ್ರಿಕೆಗೆ ಅದು ಹೊಂದುತ್ತದೆ. ಆದರೆ ಅಲ್ಲಿ ಓದುಗರ ಪಟ್ಟಿ ಸಂಪಾದಕನ ಕೈಯಲ್ಲಿ ಇರುವುದಿಲ್ಲ. ನಾಳೆ ಕಂಪನಿ ನಿಯಮ ಬದಲಿಸಿದರೆ ಚಂದಾದಾರರೆಲ್ಲ ಅದರ ಬಳಿಯೇ ಉಳಿಯುತ್ತಾರೆ. ಇಮೇಲ್ ಪಟ್ಟಿಯಾದರೆ ಹಳೆಯ ಕಾಲದ ಚಂದಾ ಪುಸ್ತಕದಂತೆ ನಮ್ಮದೇ. ಈ ಎರಡರ ನಡುವೆ ಆಯ್ದುಕೊಳ್ಳುವುದು ಕೋಡ್ ಎಲ್ಲಿ ಅಂಟಿಸಬೇಕೆಂಬ ಪ್ರಶ್ನೆಗಿಂತ ದೊಡ್ಡದು, ಆದರೆ ಚರ್ಚೆಯಾಗುವುದು ಯಾವಾಗಲೂ ಅಂಟಿಸುವ ಜಾಗದ ಬಗ್ಗೆ.

ಪಟ್ಟಿ ನಮ್ಮ ಕೈಯಲ್ಲಿದ್ದರೆ ಹೊಣೆಯೂ ನಮ್ಮ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಯಾವ ಮಾಹಿತಿಯನ್ನು ಏತಕ್ಕೆ ಪಡೆಯುತ್ತಿದ್ದೇವೆಂದು ತಿಳಿಸಿ ಒಪ್ಪಿಗೆ ಕೇಳಬೇಕೆನ್ನುತ್ತದೆ. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದಾದರೂ ಭಾಷೆಯಲ್ಲೋ ಓದುವ ಆಯ್ಕೆ ಕೊಡಬೇಕೆಂದೂ ಅದರಲ್ಲಿದೆ. ಕನ್ನಡದ ಪತ್ರಿಕೆಗೆ ಸೇರುವವನ ಮುಂದೆ ಇಂಗ್ಲಿಷಿನ ಉದ್ದುದ್ದ ಷರತ್ತುಗಳನ್ನು ಇಟ್ಟು ‘ಓಕೆ’ ಒತ್ತಿಸಿಕೊಳ್ಳುವುದು ಕಾಯ್ದೆಯ ಮಾತು ಬಿಟ್ಟು ನೋಡಿದರೂ ಸಭ್ಯತೆಯಲ್ಲ.

ಗಿಡ್ಡ ವಿಳಾಸದ ಅಪಾಯದ ಮಾತು ಬಾಕಿಯಿದೆ. ಉದ್ದದ ವಿಳಾಸವನ್ನು ಯಾವುದೋ ಕಂಪನಿಯ ಸೇವೆಯಿಂದ ಗಿಡ್ಡ ಮಾಡಿಸಿದರೆ ಆ ಕಂಪನಿ ಬದುಕಿರುವವರೆಗೆ ಮಾತ್ರ ಕೋಡಿಗೆ ಜೀವ. ಗೂಗಲ್‌ನಂಥ ಗೂಗಲ್ ತನ್ನ ಗಿಡ್ಡ ವಿಳಾಸದ ಸೇವೆಯನ್ನು 2019ರಲ್ಲಿ ಹೊಸ ಕೊಂಡಿಗಳಿಗೆ ಮುಚ್ಚಿತು. 2025ರ ಆಗಸ್ಟಿನ ನಂತರ ಹಳೆಯ ಕೊಂಡಿಗಳೂ ತೆರೆಯುವುದಿಲ್ಲವೆಂದು ಸಾರಿ, ಕೊನೆ ಗಳಿಗೆಯಲ್ಲಿ, ಬಳಕೆಯಲ್ಲಿರುವವನ್ನು ಮಾತ್ರ ಉಳಿಸಿತು. ‘ಉಚಿತ’ ಎಂದು ಕೋಡ್ ಮಾಡಿಕೊಡುವ ಎಷ್ಟೋ ತಾಣಗಳು ನಿಜವಾಗಿ ತಮ್ಮ ವಿಳಾಸವನ್ನು ಅದರೊಳಗೆ ಇಟ್ಟಿರುತ್ತವೆ. ಕೆಲವು ದಿನಗಳ ನಂತರ ದುಡ್ಡು ಕಟ್ಟದಿದ್ದರೆ ನಮ್ಮ ಓದುಗ ಅವರ ಜಾಹೀರಾತಿನ ಮುಂದೆ ನಿಂತಿರುತ್ತಾನೆ. ಸಾವಿರ ಚೀಟಿ ಹಂಚಿದ ಮೇಲೆ ಅವನ್ನು ವಾಪಸ್ ತರುವುದು ಹೇಗೆ? ಸ್ವಂತ ಜಾಲತಾಣದ ಹೆಸರೊಂದನ್ನು ಕೊಂಡು, ಅದರಲ್ಲೇ ಗಿಡ್ಡ ದಾರಿ ಮಾಡಿಕೊಂಡು, ನೇರವಾಗಿ ಅದನ್ನೇ ಕೋಡಿನೊಳಗೆ ಇಟ್ಟರೆ ಈ ತಲೆನೋವಿಲ್ಲ. ಒಳಗಿನ ಪುಟ ಬದಲಾದರೂ ಚೀಟಿ ಹಾಗೇ ನಡೆಯುತ್ತದೆ. ವರ್ಷಕ್ಕೊಮ್ಮೆ ಆ ಹೆಸರಿನ ಶುಲ್ಕ ಕಟ್ಟುವುದನ್ನು ಮರೆಯಬಾರದು, ಅಷ್ಟೆ.

ಕೋಡ್ ಎಲ್ಲಿ ಚೆನ್ನಾಗಿ ನಡೆಯುತ್ತದೆ ಎಂಬುದಕ್ಕೆ ಒಂದು ಸುಳಿವು ನಮ್ಮ ಶಾಲಾ ಪಠ್ಯಪುಸ್ತಕಗಳಲ್ಲಿದೆ. ದೀಕ್ಷಾ ಪೋರ್ಟಲ್ಲಿಗೆ ಕರೆದೊಯ್ಯುವ ಕೋಡುಗಳನ್ನು ಪಾಠಗಳ ಜೊತೆಗೇ ಅಚ್ಚುಹಾಕುತ್ತಾರೆ. ಪಾಠ ಓದುತ್ತಿರುವ ಮಗುವಿಗೆ ಆ ಚೌಕ ಏಕಿದೆಯೆಂದು ಹೇಳಬೇಕಿಲ್ಲ; ಸುತ್ತಲ ಪುಟವೇ ಅದಕ್ಕೆ ಪರಿಚಯ ಪತ್ರ. ಇ-ಪತ್ರಿಕೆಗೂ ಇದೇ ತರ್ಕ. ತುಮಕೂರಿನಿಂದಲೇ ಹೊರಡುವ ‘ಪ್ರಜಾಪ್ರಗತಿ’ಯಂಥ ದಿನಪತ್ರಿಕೆಯಲ್ಲಿ ಲೇಖನವೊಂದರ ಕೊನೆಗೆ, ಪುಸ್ತಕ ಬಿಡುಗಡೆಯ ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ, ಕನ್ನಡ ಭವನದ ಕಾರ್ಯಕ್ರಮ ಮುಗಿದು ಜನ ಕಾಫಿ ಕುಡಿಯುವಾಗ ಮೇಜಿನ ಮೇಲೆ ಕೋಡ್ ಇದ್ದರೆ ಓದುಗ ಆಗಲೇ ಅರ್ಧ ಒಳಗೆ ಬಂದಿರುತ್ತಾನೆ. ಅಪರಿಚಿತನನ್ನು ಪರಿಚಯ ಮಾಡಿಸುವುದು ಈ ಚೌಕದ ಕೈಯಲ್ಲಿ ಆಗದ ಕೆಲಸ. ಪರಿಚಯ ಆದವನು ಮರೆತುಹೋಗುವ ಮೊದಲು ಹಿಡಿದಿಟ್ಟುಕೊಳ್ಳಲು ಇದಕ್ಕಿಂತ ಚುರುಕಾದದ್ದು ಸದ್ಯಕ್ಕಿಲ್ಲ. ನನ್ನ ಒಲವು ಯಾವ ಕಡೆ ಎಂದು ಕೇಳಿದರೆ ಇಲ್ಲಿ ನಿಲ್ಲುತ್ತೇನೆ: ಕಾಗದದ ಜೊತೆಗೆ, ಮನುಷ್ಯನ ಜೊತೆಗೆ ಕೋಡ್ ಇರಲಿ, ಬರೀ ಗೋಡೆಯ ಮೇಲೆ ಬೇಡ.

ಜಾಗಗಳ ಲೆಕ್ಕ ಹಾಕಿದರೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರು ಮೂರು ಬಗೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದಿನಾ ರೈಲಿನಲ್ಲಿ ಓಡಾಡುವವರ ದಂಡೇ ಇದೆ. ಕೂರಲು ಜಾಗ ಸಿಕ್ಕಿದರೆ ಕೈಯಲ್ಲಿ ಫೋನು, ಮುಂದೆ ಗಂಟೆಗಿಂತ ಹೆಚ್ಚು ಹೊತ್ತು. ಇಂಥ ಓದುಗರಿಗೆ ಬೆಳಗಿನ ಇ-ಪತ್ರಿಕೆ ಹೇಳಿ ಮಾಡಿಸಿದ್ದು. ಬೋಗಿಯ ಒಳಗೆ ಅಂಟಿಸುವುದು ಅಪರಾಧ. ಆದರೆ ಸ್ಟೇಷನ್ ಹತ್ತಿರದ ಪೇಪರ್ ಅಂಗಡಿಯವರೊಡನೆ ಮಾತಾಡಿ ದಿನಪತ್ರಿಕೆಯೊಳಗೆ ಚೀಟಿ ಇಡಿಸುವುದು ಸಾಧ್ಯ. ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಕಂಡದ್ದನ್ನೆಲ್ಲ ಸ್ಕ್ಯಾನ್ ಮಾಡುತ್ತಾರೆ, ಬೇಗ ಸೇರುತ್ತಾರೆ, ಅಷ್ಟೇ ಬೇಗ ಬಿಡುತ್ತಾರೆ. ಸಂಖ್ಯೆ ನೋಡಿ ಹಿಗ್ಗುವ ಸಂಪಾದಕ ಮೊದಲು ಮೋಸಹೋಗುವುದು ಇವರಿಂದ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯ ಜನಸಂದಣಿ ಕಂಡರೆ ಚೀಟಿ ಹಂಚುವ ಆಸೆಯಾಗುವುದು ಸಹಜ, ಆದರೆ ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಳೆದಾಡುತ್ತದೆ. ಪುಟ ತೆರೆಯದ ಕೋಡ್ ಬರೀ ಕಸ.

ಗುಬ್ಬಿ ತಾಲ್ಲೂಕಿನಲ್ಲಿ ಮಾತು ಬೆಳೆಯ ಸುತ್ತ. ಚೇಳೂರಿನ ಹಲಸಿನ ಮಾರುಕಟ್ಟೆ, ಅಡಿಕೆ ತೋಟ, ತೆಂಗು. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದ ಮೂಲಕ ಹೆಸರಾದ ‘ಸಿದ್ದು’ ಹಲಸು ಚೇಳೂರು ಕಡೆಯದೇ. ಇಂಥ ವಿಷಯಗಳನ್ನು ವಾರವಾರ ಬರೆಯುವ ಪತ್ರಿಕೆಗೆ ಓದುಗರು ಖಂಡಿತ ಇದ್ದಾರೆ. ಆದರೆ ಮಂಡಿಯಲ್ಲಿ ಲೋಡು ಇಳಿಸುವ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತಿಲ್ಲ, ಧಾರಣೆ ಆಗಲೇ ದಲ್ಲಾಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿರುತ್ತದೆ. ಗೊಬ್ಬರದಂಗಡಿಯ ಬಿಲ್ಲಿನ ಹಿಂದೆ, ನರ್ಸರಿಯವರು ಸಸಿಯ ಜೊತೆ ಕೊಡುವ ಚೀಟಿಯಲ್ಲಿ ಕೋಡ್ ಹೆಚ್ಚು ಬಾಳುತ್ತದೆ. ಮನೆಗೆ ಹೋಗಿ, ಸಂಜೆ ಜಗಲಿಯ ಮೇಲೆ ಕುಳಿತಾಗ ತೆರೆಯಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಮೇಲ್ವಿಚಾರಕರು ಒಬ್ಬಿಬ್ಬರಿಗೆ ತೋರಿಸಿಕೊಟ್ಟರೆ ಅದು ನೂರು ಪೋಸ್ಟರಿಗೆ ಸಮ. ಬಟನ್ ಫೋನಿನವರಿಗೆ ಅಲ್ಲಿ ಒಂದು ಅಚ್ಚಿನ ಪ್ರತಿಯನ್ನೂ ಇಡಬೇಕು. ಕ್ಯಾಮೆರಾ ಇಲ್ಲದವರನ್ನು ಹೊರಗಿಟ್ಟು ‘ಊರಿನ ಪತ್ರಿಕೆ’ ಎನ್ನಿಸಿಕೊಳ್ಳುವುದು ಹೇಗೆ?

ಕುಣಿಗಲ್ಲಿಗೆ ಹೆದ್ದಾರಿಯ ಮೋಹ. ಬೆಂಗಳೂರು-ಮಂಗಳೂರು ರಸ್ತೆಯ ಪಕ್ಕ ದೊಡ್ಡ ಫಲಕದಲ್ಲಿ ಕೋಡ್ ಹಾಕಿಸುವ ಯೋಚನೆ ಬಂದರೆ ಬಿಟ್ಟುಬಿಡುವುದು ಲೇಸು. ಓದುವ ದೂರದ ಹತ್ತರಲ್ಲೊಂದು ಪಾಲಿನಷ್ಟಾದರೂ ಚೌಕದ ಅಗಲ ಇರಬೇಕೆಂಬುದು ಕಸುಬುದಾರರ ಅಂದಾಜು. ಐವತ್ತಡಿ ದೂರಕ್ಕೆ ಐದಡಿ ಅಗಲದ ಕೋಡ್ ಹಾಕಿಸಿದರೂ, ಎಂಬತ್ತರ ವೇಗದಲ್ಲಿ ಹೋಗುವವನು ಸ್ಕ್ಯಾನ್ ಮಾಡಲಿ ಎಂದು ಬಯಸುವುದು ಕೊಲೆಗೆ ಸಮ. ಆದರೆ ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನಕ್ಕೆ ಬಂದವರು ಊಟಕ್ಕೆ ನಿಲ್ಲುವ ಹೋಟೆಲುಗಳಿವೆ, ರೈಲು ಕಾಯುವ ಸ್ಟೇಷನ್ ಇದೆ, ಶನಿವಾರ ಬೆಂಗಳೂರಿನಿಂದ ಊರಿಗೆ ಬರುವ ಮಕ್ಕಳಿದ್ದಾರೆ. ಊರು ಬಿಟ್ಟವರೇ ಊರಿನ ಇ-ಪತ್ರಿಕೆಯ ನಿಷ್ಠೆಯ ಓದುಗರಾಗುವ ಸಂಭವ ಹೆಚ್ಚು: ಕೆರೆ ಕೋಡಿ ಬಿತ್ತೇ, ಕುದುರೆಗಳ ಸ್ಟಡ್ ಫಾರಂ ಜಾಗದ ಗತಿ ಏನಾಯಿತು ಎಂದು ತಿಳಿಯುವ ಹಂಬಲ ಅವರಿಗೆ. ವಿಚಿತ್ರವೆಂದರೆ ಅವರನ್ನು ಹಿಡಿಯಲು ಕೋಡೇ ಬೇಕಿಲ್ಲ. ಫೋನಿನಲ್ಲೇ ಇರುವವನಿಗೆ ಫೋನಿನಲ್ಲೇ ಕೊಂಡಿ ಕಳಿಸಬಹುದು. ಮೊಬೈಲ್ ಪರದೆಯ ಮೇಲೆ ಬಂದ ಕ್ಯೂಆರ್ ಕೋಡನ್ನು ಅದೇ ಮೊಬೈಲಿನಿಂದ ಹೇಗೆ ಸ್ಕ್ಯಾನ್ ಮಾಡುವುದೆಂದು ತಲೆ ಕೆರೆದುಕೊಳ್ಳುವಂತೆ ಮಾಡುವ ಪೋಸ್ಟರುಗಳನ್ನು ವಾಟ್ಸ್‌ಆ್ಯಪಿನಲ್ಲಿ ಹಂಚುವವರಿಗೆ ಈ ಮಾತನ್ನು ಯಾರಾದರೂ ಹೇಳಬೇಕು.

ಅಚ್ಚಿನ ಕಟ್ಟುನಿಟ್ಟುಗಳು ಕೆಲವಿವೆ, ಅವನ್ನು ಬೇಗ ಮುಗಿಸುತ್ತೇನೆ. ಚೌಕದ ಸುತ್ತ ನಾಲ್ಕು ಮನೆಯಷ್ಟು ಬಿಳಿಯ ಅಂಚು ಬಿಡಬೇಕು. ಬಿಳಿಯ ಮೇಲೆ ಕಪ್ಪೇ ಇರಲಿ, ಕನ್ನಡ ಧ್ವಜದ ಕೆಂಪು-ಹಳದಿಯಲ್ಲಿ ಮಾಡುವ ಅಭಿಮಾನ ಬೇಡ. ಹಳದಿ ಮತ್ತು ಬಿಳುಪಿನ ವ್ಯತ್ಯಾಸ ಕ್ಯಾಮೆರಾಗೆ ಸರಿಯಾಗಿ ತಿಳಿಯದು. ಮಿರುಗುವ ಕಾಗದದ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೆ ಏನೂ ಕಾಣುವುದಿಲ್ಲ. ಎಲ್ಲಕ್ಕಿಂತ ಮೊದಲು, ಅಚ್ಚಿಗೆ ಕೊಡುವ ಮುಂಚೆ, ಮನೆಯಲ್ಲಿರುವ ಅತಿ ಹಳೆಯ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಬೇಕು.

ಫಲ ಅಳೆಯುವುದರಲ್ಲೂ ಎರಡು ಮಾತು. ಕೋಡಿನ ದೊಡ್ಡ ಗುಣ, ಯಾವ ಚೀಟಿಯಿಂದ ಯಾರು ಬಂದರೆಂಬ ಲೆಕ್ಕ ಸಿಗುವುದು. ಅಚ್ಚಿನ ಕಾಲದ ಸಂಪಾದಕನಿಗೆ ಇದು ಕನಸು. ಅದಕ್ಕೆ ಬೇಹುಗಾರಿಕೆಯ ಕೋಡೇನೂ ಬೇಡ. ತುಮಕೂರಿಗೊಂದು, ಗುಬ್ಬಿಗೊಂದು, ಕುಣಿಗಲ್ಲಿಗೊಂದು ಬೇರೆ ಬೇರೆ ಗಿಡ್ಡ ವಿಳಾಸ ಮಾಡಿ ಮೂರು ಕೋಡ್ ಅಚ್ಚುಹಾಕಿಸಿದರೆ ಸಾಕು. ಊರಿನ ಲೆಕ್ಕ ಸಿಗುತ್ತದೆ, ಓದುಗನ ಫೋನಿನ ಗುಟ್ಟು ಅವನಲ್ಲೇ ಉಳಿಯುತ್ತದೆ. ಆದರೆ ಎಣಿಸಬೇಕಾದದ್ದು ಸ್ಕ್ಯಾನ್ ಅಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ, ಕೊಂಡು ಓದುವವರ ಕಾಸಿನಿಂದಲೇ ನಡೆಯಿತು. ಅಲ್ಲಿ ಪ್ರತಿ ವಾರ ಎಷ್ಟು ಪ್ರತಿ ಉಳಿಯಿತೆಂಬುದೇ ಅಳತೆ. ಇ-ಪತ್ರಿಕೆಯ ಅಳತೆ, ಸ್ಕ್ಯಾನ್ ಮಾಡಿ ಸೇರಿದವರಲ್ಲಿ ಎಂಟನೆಯ ಸಂಚಿಕೆಯನ್ನೂ ತೆರೆದವರು ಎಷ್ಟು, ಉತ್ತರ ಬರೆದವರು ಎಷ್ಟು, ತಪ್ಪು ತೋರಿಸಿದವರು ಎಷ್ಟು ಎಂಬುದು. ಬಾಯಿಂದ ಬಾಯಿಗೆ ಹಬ್ಬುವುದೇ ಮೇಲು ಎನ್ನುವವರ ವಾದ ಈ ಎಣಿಕೆಯಲ್ಲಿ ಬಹುಶಃ ಗೆಲ್ಲುತ್ತದೆ. ಗೆಳೆಯ ಕಳಿಸಿದ ಕೊಂಡಿಯಿಂದ ಬಂದವನು ಸುಲಭಕ್ಕೆ ಬಿಟ್ಟುಹೋಗುವವನಲ್ಲ. ಆದರೆ ಗೆಳೆಯರ ಬಳಗದ ಆಚೆಗಿನ ಓದುಗ, ಅಂದರೆ ಚೇಳೂರಿನ ನರ್ಸರಿಯ ಗಿರಾಕಿ, ಹುಲಿಯೂರುದುರ್ಗದ ಲೈಬ್ರರಿಗೆ ಬರುವ ಪಿಯುಸಿ ಹುಡುಗಿ, ಆ ದಾರಿಯಲ್ಲಿ ಬರುವುದು ಕಡಿಮೆ. ಅವರಿಗಾಗಿ ಚೀಟಿ ಬೇಕು.

ಹಾಗಾಗಿ ಈ ಕೆಲಸಕ್ಕೆ ಕೈಹಾಕುವವರು ಮೊದಲ ಖರ್ಚನ್ನು ಕೋಡಿಗಲ್ಲ, ಅದರ ಸುತ್ತಲ ಹಾಳೆಗೆ ಮಾಡಲಿ ಎಂಬುದು ನನ್ನ ಸಲಹೆ. ಒಂದು ಹಾಳೆಯ ಹ್ಯಾಂಡ್‌ಬಿಲ್. ಅದರಲ್ಲಿ ಆ ಊರಿಗೆ ಬೇಕಾದ ಒಂದು ಇಡೀ ಲೇಖನ, ಫೋನಿಲ್ಲದೆಯೂ ಓದಿ ಮುಗಿಸುವಂಥದ್ದು. ಕೆಳಗೆ ಸಂಪಾದಕರ ಹೆಸರು, ವಿಳಾಸ, ಫೋನ್ ನಂಬರು. ಮೂಲೆಯಲ್ಲಿ ಒಂದೂವರೆ ಅಂಗುಲದ ಚೌಕ, ಪಕ್ಕದಲ್ಲಿ ‘ಇಂಥದ್ದೇ ಇನ್ನೊಂದು ಮುಂದಿನ ಭಾನುವಾರ, ದುಡ್ಡಿಲ್ಲ’ ಎಂಬ ಸಾಲು. ‘ದುಡ್ಡಿಲ್ಲ’ ಎಂಬುದನ್ನು ಬಿಡಬಾರದು. ಸ್ಕ್ಯಾನ್ ಎಂದ ಕೂಡಲೇ ನಮ್ಮ ಜನರ ಕೈ ಹೋಗುವುದು ಫೋನ್‌ಪೇ ಕಡೆಗೆ, ಅಲ್ಲಿ ಈ ಕೋಡ್ ತೆರೆಯದಿದ್ದರೆ ಕೆಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ಕ್ಯಾಮೆರಾದಿಂದ ನೋಡಿ ಎಂದು ಅದರಡಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕು. ಮೂರು ಊರಿಗೆ ಮೂರು ಕೋಡಿನಿಂದ ಆರು ತಿಂಗಳು ನಡೆಸಿ, ಕುಣಿಗಲ್ಲಿನದು ಖಾಲಿ ಬಿದ್ದಿದ್ದರೆ ಅಲ್ಲಿಯ ಚೀಟಿಯ ಕಾಸನ್ನು ಗುಬ್ಬಿಯ ನರ್ಸರಿಗಳ ಕಡೆ ತಿರುಗಿಸಿ, ಕುಣಿಗಲ್ಲಿಗೆ ಒಬ್ಬ ವರದಿಗಾರನನ್ನು ಹುಡುಕಲಿ. ಅಲ್ಲಿ ಕಡಿಮೆಯಿರುವುದು ಚೌಕವೋ ಸುದ್ದಿಯೋ ಎಂಬುದು ಆಗ ಗೊತ್ತಾಗುತ್ತದೆ.